ಇಬ್ಬರು ಅಕ್ಕಂದಿರು, ಒಬ್ಬಳು ಟೀಚರ್

ಶಿಡ್ಲಘಟ್ಟ
18-6-2024

ಪ್ರೀತಿಯ ತಂಗಿ ತನುಜಳಿಗೆ ಅಕ್ಕ ಕೊಂಡಮ್ಮ ಬರೆಯುತ್ತಿರುವುದು.

ಇಲ್ಲಿ ಎಲ್ಲರೂ ಉಂಡುಕೊಂಡು ತಿಂದುಕೊಂಡು ಇದ್ದೇವೆ. ನನ್ನದೊಂದು ನಿದ್ದೆ ಬಿಟ್ಟರೆ ಮನೆಯಲ್ಲಿ ಇನ್ನೇನೂ ಕೆಟ್ಟಿಲ್ಲ. ನೇಪಾಳ ತಲುಪಿದೆ ಅಂತ ನೀನು ಫೋನಿನಲ್ಲಿ ಹೇಳಿದೆ ಸರಿ, ಅರ್ಧ ಮಾತಿಗೇ ಲೈನು ಹೋಯಿತು. ಉಳಿದರ್ಧದಲ್ಲಿ ಏನು ಹೇಳುವುದಕ್ಕಿತ್ತೋ ಅಂತ ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ. ಆ ಕಡೆ ಮಳೆಗಾಲದಲ್ಲಿ ಗುಡ್ಡ ಜರಿಯುತ್ತದಂತೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಬೇಡ. ಗುಡ್ಡದ ಕಡೆ ಕೂತರೆ ಕಲ್ಲು, ಆ ಕಡೆ ಕೂತರೆ ಹೊಳೆ. ಮಧ್ಯದಲ್ಲಿ ನಿಂತುಕೊಂಡೇ ಹೋಗು.

ಫೋನಿರುವ ಕಾಲದಲ್ಲಿ ಪತ್ರ ಯಾಕೆ ಅಂತ ನಿಮ್ಮ ಭಾವ ನಗುತ್ತಾರೆ. ಶಾಲೆಯ ಹತ್ತಿರ ಸಿಗ್ನಲ್ ಇಲ್ಲ, ಅರ್ಧ ಗಂಟೆ ಬೆಟ್ಟ ಹತ್ತಬೇಕಂತೆ ಅಂದೆ. ಇನ್ನೊಂದು ಕಾರಣವನ್ನು ಹೇಳಲಿಲ್ಲ. ಹತ್ತನೇ ತರಗತಿ ಪರೀಕ್ಷೆ ಕಟ್ಟುವವಳಿಗೆ ಮೂರು ಗಂಟೆ ಬರೆಯುವ ಕೈ ಬೇಕು, ಪತ್ರ ಬರೆದು ಬರೆದು ಕೈ ಪಳಗಿಸಿಕೋ, ತಪ್ಪನ್ನೆಲ್ಲ ಕೆಂಪು ಇಂಕಿನಲ್ಲಿ ತಿದ್ದಿ ವಾಪಸ್ ಕಳಿಸುತ್ತೇನೆ ಅಂತ ನೀನು ಹೇಳಿದ್ದು ನಮ್ಮಿಬ್ಬರಲ್ಲೇ ಇರಲಿ.

ಚಾಕಿ ಕೇಂದ್ರದ ವೆಂಕಟರವಣಪ್ಪ ಮೊನ್ನೆ ಸಿಕ್ಕಿದ್ದರು. ಮೊಟ್ಟೆಯೊಡೆದ ರೇಷ್ಮೆಹುಳುವನ್ನು ಎರಡನೇ ಜ್ವರದವರೆಗೆ ಸಾಕಿ ಕೊಡುವುದಕ್ಕೆ ಅವರಿಗೆ ಮೇಲ್ವಿಚಾರಕಿ ಬೇಕು. “ಕೊಂಡಮ್ಮ, ಹುಳು ವಿಷಯದಲ್ಲಿ ನಿನ್ನ ಮುಂದೆ ನಾನೇ ನಿಂತ್ಕೊಳಲ್ಲ. ಆದ್ರೆ ಹತ್ತನೇ ಪಾಸಾದ ಕಾಗದ ಬೇಕಮ್ಮ. ಮುಂದಿನ ಜೂನ್‌ವರೆಗೂ ಕಾಯ್ತೀನಿ, ಅದರ ಮೇಲೆ ಆಗಲ್ಲ” ಅಂದರು. ಇಪ್ಪತ್ತು ವರ್ಷದಿಂದ ಹುಳು ಮೇಯಿಸುತ್ತಿದ್ದೇನೆ. ಹುಳು ಯಾವತ್ತೂ ನನ್ನ ಮಾರ್ಕ್ಸ್ ಕಾರ್ಡು ಕೇಳಿಲ್ಲ.

ಕನ್ನಡ, ಸಮಾಜ ನಾನೇ ಓದಿಕೊಳ್ಳುತ್ತೇನೆ. ಗಣಿತ ಮಾತ್ರ ನಿನ್ನಿಂದಲೇ ಆಗಬೇಕು. ಏಳನೇ ತರಗತಿಯ ಅರ್ಧದಲ್ಲಿ ನಾನು ಪುಸ್ತಕ ಮುಚ್ಚಿದ್ದು ನೀನು ಹುಟ್ಟಿದ ವರ್ಷ. ಅಮ್ಮ ಬಾಣಂತನದಿಂದ ಏಳಲಿಲ್ಲ, ನಿನ್ನನ್ನು ಎತ್ತಿಕೊಳ್ಳುವವರು ಬೇಕಾಗಿತ್ತು. ಇದನ್ನು ನೆನಪಿಸುವುದಕ್ಕೆ ಬರೆದದ್ದಲ್ಲ, ಎಲ್ಲಿಂದ ಶುರು ಮಾಡಬೇಕು ಅಂತ ನಿನಗೆ ತಿಳಿಯಲಿ ಅಂತ. ಡಿಸೆಂಬರಿಗೆ ಆರು ತಿಂಗಳು ಮುಗಿಸಿ ಬರುತ್ತೀಯ, ಮಾರ್ಚಿಗೆ ಪರೀಕ್ಷೆ. ಮೂರು ತಿಂಗಳು ಸಾಕಾಗುತ್ತದಾ? ಸಾಕು ಅಂತ ನೀನೇ ಅಂದಿದ್ದೆ. ಆದರೂ ಕೇಳುತ್ತಿದ್ದೇನೆ.

ಸಂಬಳವಿಲ್ಲದೆ ಪಾಠ ಹೇಳುವುದಕ್ಕೆ ಅಷ್ಟು ದೂರ ಯಾಕೆ ಹೋದೆ ಅಂತ ನಾನು ಕೇಳುವುದಿಲ್ಲ.

ನಿನ್ನ ಅಕ್ಕ,
ಕೊಂಡಮ್ಮ


ಗೋರ್ಖಾ ಜಿಲ್ಲೆ, ನೇಪಾಳ
24-7-2024

ಪ್ರೀತಿಯ ಅಕ್ಕ,

ನಿನ್ನ ಪತ್ರ ಇಪ್ಪತ್ತು ದಿನ ತೆಗೆದುಕೊಂಡು ಬಂತು. ನಾನು ಚೆನ್ನಾಗಿದ್ದೇನೆ. ಜಿಗಣೆ ಕಚ್ಚುತ್ತವೆ, ಉಪ್ಪು ಹಾಕಿದರೆ ಬಿಡುತ್ತವೆ. ಹೆಡ್‌ಮಾಸ್ಟರ್ ಮನೆಯ ಮಹಡಿಯಲ್ಲಿ ಒಂದು ಕೋಣೆ ಕೊಟ್ಟಿದ್ದಾರೆ, ಎರಡು ಹೊತ್ತು ಅನ್ನ, ಬೇಳೆ ಸಾರು.

ಆರು, ಏಳು, ಎಂಟನೇ ತರಗತಿಗೆ ಗಣಿತ, ಇಂಗ್ಲಿಷ್ ನನ್ನದು. ಗಣಿತಕ್ಕೆ ಎರಡು ವರ್ಷದಿಂದ ಇಲ್ಲಿ ಯಾರೂ ಇರಲಿಲ್ಲ. ಹಿಂದಿ, ಇಂಗ್ಲಿಷ್, ಕೈಸನ್ನೆ ಎಲ್ಲ ಸೇರಿಸಿ ಹೇಳುತ್ತೇನೆ. ಮೊದಲನೇ ವಾರ ಮಕ್ಕಳು ಬಾಯೇ ಬಿಡಲಿಲ್ಲ. ಕೊನೆಗೆ ನಮ್ಮನೆ ರೇಷ್ಮೆಹುಳುವಿನ ಕಥೆ ಹೇಳಿದೆ. ಅದು ನಾಲ್ಕು ಸಲ ಚರ್ಮ ಬಿಡುತ್ತೆ, ನಮ್ಮ ಕಡೆ ಅದಕ್ಕೆ ಜ್ವರ ಅಂತಾರೆ, ಜ್ವರದಲ್ಲಿ ಒಂದೆಲೆಯನ್ನೂ ಮುಟ್ಟಲ್ಲ, ನಾಲ್ಕನೇ ಜ್ವರ ಎದ್ದ ಮೇಲೆ ಮಾತ್ರ ವಾರಪೂರ್ತಿ ಮನೆಮಂದಿಯನ್ನ ಕೂರೋಕೆ ಬಿಡದೆ ಸೊಪ್ಪು ತಿನ್ನುತ್ತೆ ಅಂದೆ. ಒಬ್ಬ ಎದ್ದು ನಿಂತು, ನಮ್ಮಪ್ಪನೂ ಹಾಗೇನೇ ಮಿಸ್ ಅಂದ. ಅವತ್ತಿನಿಂದ ನನ್ನ ಕ್ಲಾಸು ಕ್ಲಾಸಾಯಿತು.

ನಿನಗೆ ಹೇಳಲೇಬೇಕಾದ ಒಂದು ವಿಷಯ. ಎಂಟನೇ ತರಗತಿಯಲ್ಲಿ ಬಿಷ್ಣುಮಾಯಾ ಅಂತ ಒಬ್ಬರಿದ್ದಾರೆ. ಅವರಿಗೆ ಮೂವತ್ತೊಂಬತ್ತು ವರ್ಷ! ಹದಿಮೂರಕ್ಕೇ ಮದುವೆಯಾಗಿ ಶಾಲೆ ಬಿಟ್ಟವರು, ಈಗ ಮಗನ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಾರೆ, ನೀಲಿ ಯೂನಿಫಾರಂ ಹಾಕಿಕೊಂಡು. ದನಕ್ಕೆ ಹುಲ್ಲು ತಂದು ಹಾಕಿ, ಅಡುಗೆ ಮುಗಿಸಿ ಓಡಿ ಬರುತ್ತಾರೆ. ಸಂಜೆ ನನ್ನ ಕೋಣೆಗೆ ಬಂದು ಒಂದು ಗಂಟೆ ಲೆಕ್ಕ ಮಾಡುತ್ತಾರೆ. ಇಲ್ಲಿ ಅಕ್ಕನಿಗೆ ದಿದಿ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರನ್ನು ನೋಡಿದಾಗೆಲ್ಲ ನಿನ್ನ ನೆನಪು. ಫೋಟೋ ಇಟ್ಟಿದ್ದೇನೆ, ನೋಡು. ನಿನಗೆ ಧೈರ್ಯ ಬರುತ್ತೆ.

ಅಪ್ಪನಿಗೆ, ಭಾವನಿಗೆ ಕೇಳಿದೆ ಅಂತ ಹೇಳು.

ನಿನ್ನ ತನು


ಶಿಡ್ಲಘಟ್ಟ
25-8-2024

ತನುಜಾ,

ಪತ್ರ ಬಂತು, ಫೋಟೋ ಬಂತು. ಜಿಗಣೆಗೆ ಉಪ್ಪು ಹಾಕಿದ ಮೇಲೆ ಗಾಯವನ್ನು ಸೋಪಿನಲ್ಲಿ ತೊಳಿ. ಒಂದರ ಬದಲು ಎರಡು ಸಲ ತೊಳಿ.

ಫೋಟೋ ನೋಡಿದೆ. ಧೈರ್ಯ ಬಂತು. ಆ ಹೆಂಗಸು ಲಕ್ಷಣವಾಗಿದ್ದಾರೆ, ನನಗಿಂತ ಒಂದು ವರ್ಷ ದೊಡ್ಡವರಾದರೂ ಕೂದಲು ಕಪ್ಪಗಿದೆ. ನಿನ್ನ ಕೈ ಅವರ ಹೆಗಲ ಮೇಲಿದೆ. ಪಕ್ಕದಲ್ಲಿ ಜಾಗ ಇತ್ತಲ್ಲ, ಸುಮ್ಮನೆ ನಿಂತಿದ್ದರೂ ಫೋಟೋ ಬರುತ್ತಿತ್ತು. ಅವರ ಮುಂದೆ ನೋಟ್‌ಬುಕ್ ತೆರೆದಿದೆ. ಕನ್ನಡಕ ಹಾಕಿಕೊಂಡು, ಬಿಸಿಲಿಗೆ ಹಿಡಿದು ನೋಡಿದೆ. ಪುಟದ ತುಂಬ ಕೆಂಪು ಇಂಕು. ಎಷ್ಟೊಂದು ತಪ್ಪು ತೋರಿಸಿದ್ದೀಯ ಅವರಿಗೆ. ಒಂದೊಂದು ಲೆಕ್ಕದ ಪಕ್ಕದಲ್ಲೂ ನಿನ್ನ ಕೈಬರಹ.

ನನ್ನ ಪತ್ರವನ್ನು ತಿದ್ದಿ ಕಳಿಸುತ್ತೇನೆ ಅಂದಿದ್ದೆ. ಲಕೋಟೆಯನ್ನು ಎರಡು ಸಲ ಅಲ್ಲಾಡಿಸಿ ನೋಡಿದೆ, ಒಳಗೆ ಇರಲಿಲ್ಲ. ಒಂದು ತಪ್ಪೂ ಇಲ್ಲದ ಹಾಗೆ ಬರೆದಿರಲಾರೆ. ಹೋಗಲಿ, ಅವರಿಗೆ ತಿದ್ದಿ ನಿನಗೆ ಸಮಯ ಸಿಕ್ಕಿರುವುದಿಲ್ಲ.

ನಮ್ಮನೆ ಹುಳುವಿನ ಕಥೆಯನ್ನೂ ಅಲ್ಲಿ ಹೇಳಿದ್ದೀಯ. ಸಂತೋಷ.

ಅಪ್ಪನ ಸಂಭ್ರಮ ಕೇಳಬೇಡ. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕೂತು, “ಮಾ ಚಿನ್ನಬಿಡ್ಡ, ನಮ್ಮ ಚಿಕ್ಕೋಳು, ಬುದ್ಧ ಹುಟ್ಟಿದ ದೇಶದಲ್ಲಿ ಟೀಚರಪ್ಪ” ಅಂತ ಬಂದವರಿಗೆಲ್ಲ ಹೇಳುತ್ತಿದ್ದರಂತೆ. ಪೆರೇಸಂದ್ರದ ಮುನಿನಾರಾಯಣಪ್ಪ, ದೊಡ್ಡ ಮಗಳು ಏನು ಮಾಡ್ತಾಳೆ ಕೋನಪ್ಪ ಅಂತ ಕೇಳಿದ್ದಕ್ಕೆ “ಅವಳಿಲ್ಲೇ ಇದಾಳಲ್ಲ” ಅಂದರಂತೆ. ಇದನ್ನು ನನಗೆ ಹೇಳಿ ನಕ್ಕಿದ್ದೂ ಅಪ್ಪನೇ. ಅವರಿಗೆ ಅದರಲ್ಲಿ ಏನೂ ಕಾಣಲಿಲ್ಲ. ನಾನೂ ನಕ್ಕೆ.

ನಿನಗೆ ಹೊಸ ಕಾಲದ ಹೆಸರಿಟ್ಟಿದ್ದೇ ನಾನು, ಗೊತ್ತಾ? ನನಗೆ ಅಜ್ಜಿಯ ಹೆಸರು ಬಂತು, ನಿನಗಾದರೂ ಬೇರೆ ಇರಲಿ ಅಂತ ನಮ್ಮ ಶಾಲೆಯ ಹಾಜರಿ ಪುಸ್ತಕದಿಂದ ಆರಿಸಿದ್ದು. ಅದೇ ಕೊನೇ ಸಲ ನಾನು ಹಾಜರಿ ಪುಸ್ತಕ ನೋಡಿದ್ದು.

ಆ ಹೆಂಗಸಿಗೆ ನಾನು ಕೇಳಿದೆ ಅಂತ ಹೇಳು. ದಿದಿ ಅಂತ ನಾನು ಬರೆಯುವುದಿಲ್ಲ, ನನಗೆ ಅವರು ದಿದಿ ಅಲ್ಲವಲ್ಲ.

ಕೊಂಡಮ್ಮ


ಶಿಡ್ಲಘಟ್ಟ
20-10-2024

ತನುಜಾ,

ಎರಡು ತಿಂಗಳಾದವು, ನಿನ್ನ ಪತ್ರವಿಲ್ಲ. ಫೋನಿನಲ್ಲಿ ಎರಡು ಸಲ ಮಾತಾಡಿದೆ, ಎರಡು ಸಲವೂ ಹಿಂದೆ ಯಾರೋ ಕರೆಯುತ್ತಿದ್ದರು, ನೀನು “ಬಂದೆ ದಿದಿ” ಅಂದೆ. ನನಗೆ ಸಿಟ್ಟಿಲ್ಲ. ಅಲ್ಲಿ ದಸರಾ ರಜೆಯಂತಲ್ಲ, ರಜೆಯಲ್ಲೂ ಪಾಠವಾ?

ನೀನು ಬರುವವರೆಗೆ ಸುಮ್ಮನೆ ಕೂರುವುದೇಕೆ ಅಂತ ಚಿಂತಾಮಣಿಯಲ್ಲಿ ಟ್ಯೂಷನ್‌ಗೆ ಹೋದೆ. ಮನೆಯಲ್ಲಿ ಸೋದರತ್ತೆ ಶ್ಯಾಮಲಮ್ಮನನ್ನು ನೋಡಿಕೊಂಡು ಬರುತ್ತೇನೆ ಅಂದಿದ್ದೆ. ಒಳ್ಳೆ ಸೀರೆ ಉಟ್ಟುಕೊಂಡಿದ್ದೆ, ಅದೇ ತಪ್ಪಾಯಿತು. ರೂಮಿನ ತುಂಬ ಹದಿನೈದು ಹದಿನಾರರ ಮಕ್ಕಳು. ಬಾಗಿಲಲ್ಲಿ ನಿಂತಿದ್ದೆ. ಮೇಷ್ಟ್ರು, ಮೂವತ್ತು ವರ್ಷ ಇರಬಹುದು, ಬಹಳ ಮರ್ಯಾದೆಯಿಂದ ಎದ್ದು ಬಂದು, “ಬನ್ನಿ ಅಮ್ಮ, ಯಾರ ಪೇರೆಂಟು ನೀವು?” ಅಂದರು. ಅಷ್ಟು ಮಕ್ಕಳೂ ತಿರುಗಿ ನೋಡಿದರು, ಯಾರಮ್ಮ ಬಂದರು ಅಂತ. ನನ್ನ ಬ್ಯಾಗಿನಲ್ಲಿ ಕಾಂಪಾಸ್ ಬಾಕ್ಸ್ ಇತ್ತು. ನನ್ನ ಮಗಳನ್ನು ಸೇರಿಸಬೇಕಾಗಿತ್ತು, ಫೀಸು ವಿಚಾರಿಸೋಣ ಅಂತ ಬಂದೆ ಅಂದೆ. ಮಗಳ ಹೆಸರೇನು ಅಂತ ಬರೆದುಕೊಳ್ಳುವುದಕ್ಕೆ ಪೆನ್ನು ತೆಗೆದರು. ತನುಜ ಅಂದೆ.

ಅಲ್ಲಿಂದ ಬಸ್‌ಸ್ಟ್ಯಾಂಡಿಗೆ ಬಂದು ಕೂತಾಗ ನಿನ್ನ ಆ ಹೆಂಗಸಿನ ಯೂನಿಫಾರಂ ನೆನಪಾಯಿತು. ಅವರು ಅಷ್ಟು ಮಕ್ಕಳ ಮಧ್ಯೆ ಕೂರುತ್ತಾರೆ ಅಂದರೆ ಮುಂದೆ ನಿಂತಿರುವವಳು ನೀನು ಅಂತಲೇ. ಮುಂದೆ ನೀನಿದ್ದರೆ ನಾನೂ ಕೂರುತ್ತಿದ್ದೆ, ಲಂಗ ದಾವಣಿ ಹಾಕಿಕೊಂಡು ಬಾ ಅಂದಿದ್ದರೂ ಬರುತ್ತಿದ್ದೆ.

ಖಾಸಗಿ ಅಭ್ಯರ್ಥಿ ಅಂತ ಅರ್ಜಿ ಕಟ್ಟಿ ಬಂದಿದ್ದೇನೆ. ಡಿಸೆಂಬರ್ ಯಾವ ತಾರೀಕು ಅಂತ ಬರಿ. ಮನೆ ಹಿಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿಸಿದ್ದೇನೆ, ಎರಡು ಕುರ್ಚಿ.

ಕೊಂಡಮ್ಮ


ಗೋರ್ಖಾ ಜಿಲ್ಲೆ
24-11-2024

ಪ್ರೀತಿಯ ಅಕ್ಕ,

ಇದನ್ನು ಮೂರು ಸಲ ಬರೆದು ಹರಿದಿದ್ದೇನೆ. ಸುತ್ತಿ ಬಳಸಿ ಹೇಳುವುದಿಲ್ಲ. ನಾನು ಡಿಸೆಂಬರಿಗೆ ಬರುವುದಕ್ಕೆ ಆಗುವುದಿಲ್ಲ.

ಇಲ್ಲಿ ಎಂಟನೇ ತರಗತಿಗೆ ದೊಡ್ಡ ಪರೀಕ್ಷೆ ಇದೆ, ಚೈತ್ರದಲ್ಲಿ, ಅಂದರೆ ಮಾರ್ಚ್ ಕೊನೆಗೆ. ಅದು ದಾಟಿದರೇ ಒಂಬತ್ತು. ನನ್ನ ಬದಲು ಬರಬೇಕಾದವರು ಬರುತ್ತಿಲ್ಲ. ನಾನು ಬಿಟ್ಟರೆ ಗಣಿತ ಅಲ್ಲಿಗೇ ನಿಲ್ಲುತ್ತೆ. ಮಕ್ಕಳು ಹೇಗೋ ದಾಟಿಕೊಳ್ಳುತ್ತಾರೆ, ದಿದಿಗೆ ಆಗುವುದಿಲ್ಲ. ಈ ವರ್ಷ ಪಾಸಾಗದಿದ್ದರೆ ಮನೆಯಲ್ಲಿ ಮತ್ತೆ ಕಳಿಸಲ್ಲ ಅಂದಿದ್ದಾರಂತೆ. ಮಾರ್ಚ್ ಕೊನೆವರೆಗೆ ಇರುತ್ತೇನೆ ಅಂತ ಮಾತು ಕೊಟ್ಟುಬಿಟ್ಟೆ.

ನಿನ್ನ ಪರೀಕ್ಷೆಯೂ ಅದೇ ತಿಂಗಳು ಅಂತ ಗೊತ್ತು. ವಾರಕ್ಕೆರಡು ದಿನ ಬೆಟ್ಟ ಹತ್ತಿ ಫೋನಿನಲ್ಲಿ ಹೇಳಿಕೊಡುತ್ತೇನೆ. ಆಗುತ್ತೆ ಅಕ್ಕ. ನೀನು ನನಗಿಂತ ಗಟ್ಟಿ. ನೀನು ಅರ್ಥ ಮಾಡಿಕೊಳ್ಳುತ್ತೀಯ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ತನು


ಶಿಡ್ಲಘಟ್ಟ
15-12-2024

ತನುಜಾ,

ಪತ್ರ ತಲುಪಿತು. ನೀನು ಮಾತು ಕೊಟ್ಟಿದ್ದೀಯ, ಉಳಿಸಿಕೊಳ್ಳಲೇಬೇಕು. ನನಗೆ ಕೊಟ್ಟಿದ್ದು ಮಾತಲ್ಲ, ಮನೆಯವಳ ಹತ್ತಿರ ಆಡಿದ್ದು, ಅದು ಬೇರೆ.

ಫೋನಿನಲ್ಲಿ ಗಣಿತ ಬೇಡ. ಮೊನ್ನೆ ನೀನು ಎಕ್ಸ್ ಅಂದಿದ್ದು ಕೇಳಿಸಿತು, ಆಮೇಲೆ ಗಾಳಿ ಕೇಳಿಸಿತು.

ಚಳಿ ಜಾಸ್ತಿಯಂತೆ. ಕಿವಿಗೆ ಬಟ್ಟೆ ಕಟ್ಟಿಕೋ.

ಕೊಂಡಮ್ಮ


ಶಿಡ್ಲಘಟ್ಟ
3-2-2025

ಪ್ರೀತಿಯ ತನುಜಳಿಗೆ,

ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ, ಗಾಬರಿಯಾಗಬೇಡ. ಹೊಟ್ಟೆಯಲ್ಲಿ ನೋವು ಅಂತ ಚಿಕ್ಕಬಳ್ಳಾಪುರದಲ್ಲಿ ತೋರಿಸಿದೆ. ಗಡ್ಡೆ ಇದೆಯಂತೆ, ಆಪರೇಷನ್ ಆಗಬೇಕಂತೆ. ಅಲ್ಲಿಯವರೆಗೆ ಹಾಸಿಗೆ ಬಿಟ್ಟು ಏಳಬಾರದು, ಭಾರ ಎತ್ತಬಾರದು ಅಂದಿದ್ದಾರೆ. ನಿಮ್ಮ ಭಾವನಿಗೆ, ಅಪ್ಪನಿಗೆ ಪೂರ್ತಿ ಹೇಳಿಲ್ಲ, ಹೆದರಿಕೊಳ್ಳುತ್ತಾರೆ. ಆದ್ದರಿಂದ ಫೋನಿನಲ್ಲಿ ಈ ಮಾತು ಎತ್ತಬೇಡ, ಅವರೆದುರು ನನಗೆ ಉತ್ತರ ಕೊಡಲಾಗುವುದಿಲ್ಲ. ಬರುವುದಾದರೆ ಬಂದುಬಿಡು. ಪಕ್ಕದಲ್ಲಿ ನಮ್ಮವರು ಅಂತ ಒಬ್ಬರು ಬೇಕು. ಪರೀಕ್ಷೆಯ ಯೋಚನೆ ನನಗಿಲ್ಲ, ಅದು ಇದ್ದರೂ ಆಯಿತು ಹೋದರೂ ಆಯಿತು.

ಬರದಿದ್ದರೂ ಬೇಜಾರಿಲ್ಲ. ಅಲ್ಲಿ ನಿನ್ನನ್ನು ನಂಬಿಕೊಂಡವರಿದ್ದಾರೆ.

ಮನೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದು ಎರಡು ದಿನವಾಯಿತು. ಈ ಸಲ ಬೆಳೆ ಚೆನ್ನಾಗಿದೆ, ದೃಷ್ಟಿಯಾಗುವ ಹಾಗಿದೆ. ನಿಮ್ಮ ಭಾವ ಕಡ್ಡಿಸೊಪ್ಪು ಕಡಿದು ತಂದು ಹಾಕುತ್ತಾರೆ, ಹರಡಿ ಹರಡಿ ನನ್ನ ಭುಜ ಬಿದ್ದುಹೋಗಿದೆ, ಹಿಂದೆ ತಿರುಗುವಷ್ಟರಲ್ಲಿ ಕಡ್ಡಿ ಮಾತ್ರ ಉಳಿದಿರುತ್ತದೆ. ಆಲಿಸಿದರೆ ತಗಡಿನ ಮೇಲೆ ತುಂತುರು ಬಿದ್ದ ಹಾಗೆ ಸದ್ದು. ಇನ್ನು ನಾಲ್ಕೈದು ದಿನದಲ್ಲಿ ಹಣ್ಣಾಗಿ ಗೂಡು ಕಟ್ಟುತ್ತವೆ.

ಬರುವಾಗ ರೈಲಿನಲ್ಲಿ ಯಾರು ಏನು ಕೊಟ್ಟರೂ ತಿನ್ನಬೇಡ.

ನಿನ್ನ ಅಕ್ಕ,
ಕೊಂಡಮ್ಮ


ಬೆಂಗಳೂರು
6-5-2025

ಪ್ರೀತಿಯ ಅಕ್ಕ,

ರಿಸಲ್ಟ್ ಬಂದ ದಿನ ಫೋನಿನಲ್ಲಿ ನೀನು ಅಳುತ್ತಿದ್ದೆ, ಅಪ್ಪ ಹಿಂದಿನಿಂದ ಯಾರಿಗೋ ಕೂಗಿ ಹೇಳುತ್ತಿದ್ದರು. ಆಗ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ಎಲ್ಲ ವಿಷಯದಲ್ಲೂ ಪಾಸು, ಗಣಿತದಲ್ಲಿ ಮೂವತ್ತೆಂಟು. ನೀನು ಸಂಪಾದಿಸಿದ್ದು. ವೆಂಕಟರವಣಪ್ಪ ಜೂನ್ ಒಂದಕ್ಕೆ ಬಾ ಅಂದರಂತೆ, ಅಪ್ಪ ಹೇಳಿದರು.

ದಿದಿ ಗಣಿತದಲ್ಲಿ ಫೇಲಾದರು. ನಾಲ್ಕು ಅಂಕ ಕಡಿಮೆ. ಮಗ ಪಾಸಾಗಿ ಒಂಬತ್ತಕ್ಕೆ ಹೋದ.

ನಾನು ಹೊರಟ ದಿನ ಅವರು ನನ್ನ ಬ್ಯಾಗು ಹೊತ್ತು ಎರಡು ಗಂಟೆ ಇಳಿದು ಬಸ್ಸಿನವರೆಗೆ ಬಂದರು. ತಮ್ಮ ಪರೀಕ್ಷೆಯ ಮಾತೇ ಎತ್ತಲಿಲ್ಲ. ಆಮೇಲೆ ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ, ನಿನ್ನ ದಿದಿಯ ಆಪರೇಷನ್ ಆಯಿತಾ ಅಂತ. ನಾನು ಏನೇನೋ ಹೇಳಿದೆ.

ಫೆಬ್ರವರಿಯಲ್ಲಿ ನಾನು ಮನೆಗೆ ಬಂದಾಗ ನೀನು ಬಾಗಿಲಲ್ಲೇ, ಆಪರೇಷನ್ ಮುಂದಕ್ಕೆ ಹಾಕಿದ್ದಾರೆ ಕಣೇ, ಮಾತ್ರೆಯಲ್ಲೇ ಕರಗುತ್ತದಂತೆ ಅಂದೆ. ನಾನು ಸರಿ, ಪುಸ್ತಕ ತೆಗಿ ಅಂದೆ. ಮನೆ ಹಿಂದಿನ ಕೋಣೆಯಲ್ಲಿ ಮೂರು ವಾರ ಕೂತೆವು. ಒಂದು ಸಲವೂ ಯಾವ ಡಾಕ್ಟರು, ಯಾವ ಮಾತ್ರೆ ಅಂತ ನಾನು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಅಂತ ನೀನೂ ಯೋಚಿಸಲಿಲ್ಲವಾ?

ನಿನ್ನ ಪತ್ರ ಓದಿದಾಗಲೇ ನನಗೆ ಗೊತ್ತಾಗಿತ್ತು. ಹಾಸಿಗೆ ಬಿಟ್ಟು ಏಳಬಾರದ ಹೆಂಗಸು ನಾಲ್ಕನೇ ಜ್ವರ ಎದ್ದ ಹುಳುವಿಗೆ ಸೊಪ್ಪು ಹರಡುತ್ತಾಳಾ? ಬೇರೆ ಯಾರೇ ಓದಿದ್ದರೂ ನಂಬುತ್ತಿದ್ದರು. ನಾನು ಆ ಮನೆಯಲ್ಲಿ ಬೆಳೆದವಳು. ಪತ್ರ ಮಡಿಸಿ ಇಟ್ಟು, ಇನ್ನೊಮ್ಮೆ ತೆಗೆದು ಓದಿ, ಮಾರನೇ ದಿನ ಹೊರಟೆ. ನನಗೆ ಇಪ್ಪತ್ತಾರು ವರ್ಷ. ಇಷ್ಟು ವರ್ಷದಲ್ಲಿ ನೀನು ನನ್ನ ಹತ್ತಿರ ಕೇಳಿದ್ದು ಅದೊಂದೇ, ಅದನ್ನೂ ಸುಳ್ಳಿನಲ್ಲಿ ಸುತ್ತಿ ಕೇಳಿದೆ. ನೇರವಾಗಿ ಬಾ ಅಂದಿದ್ದರೆ ನಾನು ಬರುತ್ತಿರಲಿಲ್ಲ ಅಂತ ನಿನಗೆ ಅನ್ನಿಸಿತಲ್ಲ, ಅದು ನನ್ನ ತಪ್ಪು. ನಿನ್ನ ಪತ್ರಗಳನ್ನು ತಿದ್ದದೇ ಇದ್ದದ್ದೂ ತಪ್ಪು. ನನ್ನನ್ನು ಸೊಂಟದ ಮೇಲೆ ಹೊತ್ತವಳ ಬರಹಕ್ಕೆ ಗೀಟು ಹಾಕುವುದಕ್ಕೆ ಕೈ ಬರಲಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ ಅಂತ ಬರೆಯೋಣ ಅಂತಿದ್ದೆ. ಸುಳ್ಳಾಗುತ್ತೆ. ಇದೆ. ನನ್ನ ಮೇಲೂ ಇದೆ.

ಶಾಲೆಯವರು ಇನ್ನೊಂದು ವರ್ಷಕ್ಕೆ ಕರೆಯುತ್ತಿದ್ದಾರೆ. ಟೀಚರ್ ವಾಪಸ್ ಬಂದರೆ ಇನ್ನೊಂದು ಸಲ ಪರೀಕ್ಷೆಗೆ ಕೂರಿಸಬಹುದು ಅಂತ ದಿದಿಯ ಮನೆಯವರು ಒಪ್ಪಿದ್ದಾರಂತೆ. ನಿನ್ನನ್ನು ಕೇಳದೆ ನಾನು ಉತ್ತರ ಕೊಟ್ಟಿಲ್ಲ. ಹೋಗಬೇಡ ಅಂದರೆ ಹೋಗುವುದಿಲ್ಲ. ಈ ಸಲ ನಿಜ ಬರಿ.

ತನು


ಶಿಡ್ಲಘಟ್ಟ
14-5-2025

ತನುಜಾ, ನಿನ್ನ ಪತ್ರವನ್ನು ಐದು ದಿನ ಸೆರಗಿನಲ್ಲಿಟ್ಟುಕೊಂಡು ಓಡಾಡಿದೆ. ನಿನಗೆ ಉತ್ತರ ಬರೆಯುವುದಕ್ಕೆ ನನ್ನಿಂದ ಆಗಲಿಲ್ಲ. ಕೆಳಗಿನದು ಅವರಿಗೆ ಬರೆದದ್ದು. ಅವರ ಭಾಷೆಯಲ್ಲಿ ಬರೆದುಕೊಡು. ಏನೂ ಸೇರಿಸಬೇಡ, ನನ್ನ ಮರ್ಯಾದೆ ಉಳಿಸುವುದಕ್ಕೆ ಅಂತ ಏನೂ ಬಿಡಬೇಡ.

ಬಿಷ್ಣುಮಾಯಾ ಅವರಿಗೆ,

ತನುಜಳ ಅಕ್ಕ ಕೊಂಡಮ್ಮನ ನಮಸ್ಕಾರ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ. ನಾನು ಮಾತ್ರ ನಿಮ್ಮನ್ನು ಫೋಟೋದಲ್ಲಿ ಬಹಳ ಸಲ ನೋಡಿದ್ದೇನೆ.

ನನಗೆ ಆಪರೇಷನ್ ಇರಲಿಲ್ಲ. ಹೊಟ್ಟೆಯಲ್ಲಿ ಗಡ್ಡೆಯೂ ಇರಲಿಲ್ಲ, ಇದ್ದದ್ದು ಕಿಚ್ಚು. ನಿಮಗೂ ಪರೀಕ್ಷೆ, ನನಗೂ ಪರೀಕ್ಷೆ, ಹೇಳಿಕೊಡುವವಳು ಒಬ್ಬಳೇ. ಅವಳು ನಿಮ್ಮ ಹತ್ತಿರ ಇರುತ್ತೇನೆ ಅಂದಳು. ನಾನು ಸುಳ್ಳು ಬರೆದು ಎಳೆದುಕೊಂಡೆ. ನೀವು ಅವಳ ಬ್ಯಾಗು ಹೊತ್ತುಕೊಂಡು ಬಂದಿರಂತೆ. ಅದನ್ನು ಓದಿದ ಮೇಲೆ ನನಗೆ ಅನ್ನ ಸೇರುತ್ತಿಲ್ಲ.

ನೀವು ನಾಲ್ಕು ಅಂಕದಲ್ಲಿ ಹೋದಿರಿ. ನಾನು ಮೂರು ಅಂಕದಲ್ಲಿ ಉಳಿದೆ. ನಿಮ್ಮ ಮೂರು ವಾರ ನನ್ನ ಮಾರ್ಕ್ಸ್ ಕಾರ್ಡಿನಲ್ಲಿದೆ. ವಾಪಸ್ ಕೊಡುವ ದಾರಿ ಇಲ್ಲ, ಅವಳನ್ನೇ ವಾಪಸ್ ಕಳಿಸುತ್ತಿದ್ದೇನೆ, ಜೂನ್ ಹತ್ತರೊಳಗೆ ತಲುಪುತ್ತಾಳೆ.

ಒಳ್ಳೆಯವಳಾಗಿಬಿಟ್ಟೆ ಅಂತ ತಿಳಿಯಬೇಡಿ. ಅವಳು ಹೊರಡುತ್ತಾಳೆ ಅಂದರೆ ಈಗಲೂ ನನಗೆ ಉರಿಯುತ್ತದೆ. ಸಂಜೆ ನಿಮ್ಮ ಪಕ್ಕದಲ್ಲಿ ಕೂತು ನಿಮಗೆ ಲೆಕ್ಕ ಹೇಳಿಕೊಡುತ್ತಾಳೆ, ನೀವು ತಪ್ಪು ಮಾಡಿದರೆ ಬೈಯುತ್ತಾಳೆ. ನನಗೆ ಮೂರು ವಾರ ಕೂತು ಹೇಳಿಕೊಟ್ಟಳು, ಒಂದು ಸಲವೂ ಬೈಯಲಿಲ್ಲ. ಅವಳು ನಿಮ್ಮನ್ನು ದಿದಿ ಅಂತಲೇ ಕರೆಯಲಿ. ಅಕ್ಕ ಅನ್ನುವ ಮಾತನ್ನು ಮಾತ್ರ ನೀವು ಅವಳಿಂದ ಕಲಿಯಬೇಡಿ. ಅದೊಂದು ಇಲ್ಲಿರಲಿ.

ಅವಳಿಗೆ ಬೆಳಗಿನ ಹೊತ್ತು ತಣ್ಣೀರು ಆಗಿಬರುವುದಿಲ್ಲ. ಹೇಳಿದರೆ ಕೇಳುವುದಿಲ್ಲ, ನೀವೇ ಕಾಯಿಸಿ ಕೊಡಿ.

ಇನ್ನೊಂದು ಮಾತು, ಇದನ್ನು ನೀವು ನೆನಪಿಟ್ಟುಕೊಳ್ಳಬೇಕು. ಚೈತ್ರ ಹತ್ತಿರ ಬಂದಾಗ ನನ್ನ ಮನಸ್ಸು ಏನು ಮಾಡುತ್ತದೋ ನನಗೇ ಗೊತ್ತಿಲ್ಲ. ನಾನು ಯಾವ ಪತ್ರ ಬರೆದರೂ, ಸತ್ತೆ ಅಂತ ಬರೆದರೂ, ನಿಮ್ಮ ಕೊನೆಯ ಪೇಪರ್ ಮುಗಿಯುವವರೆಗೆ ಅವಳನ್ನು ಕಳಿಸಬೇಡಿ.

ಇಂತಿ,
ಕೊಂಡಮ್ಮ